ಮುಳಗಟ್ಟಿಯ ಕಿವಿಪೆಟ್ಟಿಗೆ

ರೋಗಿಯನ್ನು ಏನೂ ಕೇಳದೆಯೇ ರೋಗ ತಿಳಿಯುವಂತಿದ್ದರೆ? ಡಾಕ್ಟರುಗಳಿಗೆ ಈ ಆಸೆ ಬಹಳ ಹಿಂದಿನಿಂದಲೂ ಇತ್ತು. ಇರದೆ ಏನು? ಹೊಟ್ಟೆನೋವೆಂದು ಬಂದವನಿಗೆ ಎದೆನೋವಿರುತ್ತದೆ. ಯಾವಾಗಿನಿಂದ ಎಂದು ಕೇಳಿದರೆ ಯಾರದೋ ಮದುವೆಯಿಂದ ಶುರುಮಾಡಿ, ಅಲ್ಲಿ ಬಡಿಸಿದ್ದನ್ನೆಲ್ಲ ವರ್ಣಿಸಿ, ಯಾವಾಗಿನಿಂದ ಎಂಬುದನ್ನು ಮಾತ್ರ ಹೇಳುವುದಿಲ್ಲ. ಕುಡಿಯುತ್ತೀರಾ ಎಂದರೆ ಇಲ್ಲ, ಗುಳಿಗೆ ತೆಗೆದುಕೊಂಡಿರಾ ಎಂದರೆ ಹೌದು. ಎರಡೂ ಸುಳ್ಳು. ಹೊರಗಡೆ ಬಾಗಿಲಿನಿಂದ ಗೇಟಿನವರೆಗೆ ಜನ ಕಾದಿರುವಾಗ ಯಾವ ಡಾಕ್ಟರಿಗಾದರೂ ತಲೆ ಕೆಡುತ್ತದೆ.

ಆ ಆಸೆಯೇ ಕೊನೆಗೊಂದು ದಿನ ಪೆಟ್ಟಿಗೆಯ ರೂಪದಲ್ಲಿ ಮುಳಗಟ್ಟಿ ತಾಲೂಕು ಆಸ್ಪತ್ರೆಯ ಮೇಜಿನ ಮೇಲೆ ಬಂದು ಕುಳಿತಿತು. ಸರ್ಕಾರಿ ಹೆಸರು ಸ್ವರಪರೀಕ್ಷಕ. ಜನ ಅದನ್ನು ಕಿವಿಪೆಟ್ಟಿಗೆ ಎಂದು ಕರೆದರು. ಊಟದ ಡಬ್ಬಿಯಷ್ಟು ಗಾತ್ರ, ಮುಂದುಗಡೆ ಸಣ್ಣ ಜಾಲರಿ, ಡಾಕ್ಟರ ಕಡೆಗೆ ಒಂದು ಗಾಜಿನ ಪರದೆ. ಮನುಷ್ಯನ ದನಿ ಬರೀ ಗಂಟಲಿನ ಕೆಲಸವಲ್ಲ. ಶ್ವಾಸಕೋಶ ಗಾಳಿ ಊದಬೇಕು, ಪಕ್ಕದಲ್ಲೇ ಹೃದಯ ಬಡಿಯುತ್ತಿರುತ್ತದೆ, ತಲೆಯಿಂದ ಇಳಿದ ನರವೊಂದು ಎದೆಗೂಡಿನವರೆಗೆ ಹೋಗಿ ಸುತ್ತುಹಾಕಿಕೊಂಡು ಮತ್ತೆ ಗಂಟಲಿಗೆ ಬರುತ್ತದೆ. ಈ ದಾರಿಯಲ್ಲಿ ಎಲ್ಲಿ ತೊಡಕಾದರೂ ದನಿಯಲ್ಲಿ ಅದರ ಗುರುತು ಉಳಿಯುತ್ತದೆ. ನಮ್ಮ ಕಿವಿಗೆ ಕೇಳಿಸದ ಆ ಗುರುತು ಪೆಟ್ಟಿಗೆಗೆ ಕೇಳಿಸುತ್ತದೆ. ರೋಗಿ ಏನು ಮಾತಾಡಿದರೂ ನಡೆಯುತ್ತದೆ. ಜೋಳದ ಧಾರಣೆಯ ಬಗ್ಗೆ ಮಾತಾಡಿದರೂ ಅವನ ಪಿತ್ತಕೋಶದ ಸುದ್ದಿ ಪರದೆಯ ಮೇಲೆ ಮೂಡುತ್ತದೆ.

ಡಾಕ್ಟರಿಗಿದ್ದ ನಿಯಮ ಒಂದೇ: ಪ್ರಶ್ನೆ ಕೇಳಬಾರದು. ಪ್ರಶ್ನೆ ಕೇಳಿದರೆ ರೋಗಿ ಅಂಜಿ ದನಿ ಬದಲಿಸುತ್ತಾನೆ, ಲೆಕ್ಕ ಕೆಡುತ್ತದೆ.

ಡಾಕ್ಟರ್ ಸರಳಾ ಮೆಣಸಿನಕಾಯಿಯವರಿಗೆ ಮೊದಮೊದಲು ಸಿಟ್ಟು ಬಂದಿತ್ತು. ಅಡ್ಡಹೆಸರಿಗೆ ತಕ್ಕ ಖಾರ ಅವರ ನಾಲಗೆಯಲ್ಲೂ ಇತ್ತು. ವೃತ್ತಿಗೆ ಬಂದಾಗಿನಿಂದ ಪ್ರಶ್ನೆ ಕೇಳಿಯೇ ಬದುಕಿದವರನ್ನು ಬಾಯಿ ಮುಚ್ಚಿಕೊಂಡು ಕೂಡು ಎಂದರೆ ಹೇಗಾಗಬೇಡ? ಆದರೆ ಮನುಷ್ಯರಿಗೆ ಸುಖ ಬೇಗ ರೂಢಿಯಾಗುತ್ತದೆ. ಮಧ್ಯಾಹ್ನದ ಊಟ ಮಧ್ಯಾಹ್ನವೇ ಆಗತೊಡಗಿತು. ಬಸ್ಸಿನ ಕಂಡಕ್ಟರನೊಬ್ಬನಿಗೆ ಕೆಮ್ಮು ಶುರುವಾಗುವ ಮೊದಲೇ ಪೆಟ್ಟಿಗೆ ಕ್ಷಯ ಎಂದು ಹೇಳಿತು, ಅದು ನಿಜವೂ ಆಯಿತು. ಅವತ್ತಿನಿಂದ ಸರಳಾ ಪರದೆಯನ್ನು ನೋಡುವುದೇ ಹೆಚ್ಚು, ಎದುರಿಗೆ ಕುಳಿತವರನ್ನು ನೋಡುವುದು ಕಡಿಮೆ ಎಂಬಂತಾಯಿತು. ಅದು ಅವರಿಗೆ ಗೊತ್ತೇ ಆಗಲಿಲ್ಲ.

ಇಂಥ ದಿನಗಳಲ್ಲೇ ಗುರುಬಸವ್ವ ತನ್ನ ಸೊಸೆ ಚೈತ್ರಾಳನ್ನು ಕರೆದುಕೊಂಡು ಬಂದಳು. ಗುರುಬಸವ್ವ ಬಸ್‌ಸ್ಟ್ಯಾಂಡಿನ ಹತ್ತಿರ ಖಾನಾವಳಿ ನಡೆಸುವವಳು. ಅವಳ ಬಿಸಿ ರೊಟ್ಟಿ, ಎಣಗಾಯಿ ತಿನ್ನದ ನೌಕರದಾರ ಆ ಊರಿನಲ್ಲಿಲ್ಲ. ಮಗ ಟ್ಯಾಂಕರ್ ಓಡಿಸುತ್ತ ದೇಶದ ತುಂಬ ತಿರುಗುತ್ತಿದ್ದ. ಮನೆಯಲ್ಲೂ ಒಲೆಯ ಮುಂದೂ ಇರುತ್ತಿದ್ದವರು ಅತ್ತೆ ಸೊಸೆ ಇಬ್ಬರೇ.

"ರೋಗಿಯ ಹೆಸರು ಹೇಳಿ," ಎಂದಿತು ಪೆಟ್ಟಿಗೆ, ಬಹಳ ಮರ್ಯಾದೆಯ ದನಿಯಲ್ಲಿ.

"ಚೈತ್ರಾ ರೀ, ಚೈತ್ರಾ ಬಳಿಗಾರ," ಎಂದಳು ಗುರುಬಸವ್ವ. ಒಲೆಯ ಹೊಗೆಗೂ ಗಿರಾಕಿಗಳನ್ನು ಕೂಗಿ ಕರೆಯುವುದಕ್ಕೂ ಅವಳ ಗಂಟಲು ಒಡೆದುಹೋಗಿದೆಯೆಂದು ಊರಿಗೆಲ್ಲ ಗೊತ್ತಿತ್ತು. ಡಾಕ್ಟರಮ್ಮನನ್ನು ಬಾಯಾರ ಎಂದೇ ಕರೆಯುತ್ತ ಮಾತು ಮುಂದುವರಿಸಿದಳು: "ಇಕೀಗೆ ಎಂಟು ದಿನಾತು ಆರಾಮಿಲ್ಲ ನೋಡ್ರಿ ಬಾಯಾರ. ಕೂತಲ್ಲೇ ಕೂಡ್ತಾಳ, ನಿಂತಲ್ಲೇ ನಿಲ್ತಾಳ. ತಲಿ ತಿರಗತೈತಿ ಅಂತಾಳ. ಸಂಕಟ ಅಂತಾಳ. ದವಾಖಾನಿಗೆ ನಡಿ ಅಂದ್ರ, ನೀ ಬಂದ್ರ ಬರ್ತೀನಿ ಅಂತ ಹಟಾ. ಖಾನಾವಳಿ ಬಾಗಲಾ ಹಾಕಿ ಬಂದೀನಿ."

ಚೈತ್ರಾ ಪಕ್ಕದ ಸ್ಟೂಲಿನ ಮೇಲೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಕುಳಿತಿದ್ದಳು. ಸರಳಾ ಪರದೆಯ ಮೇಲೆ ಸಾಲುಗಳು ಮೂಡುವುದನ್ನೇ ನೋಡುತ್ತಿದ್ದರು. ಎಡ ಎದೆಗೂಡಿನಲ್ಲಿ ಗಂಟಿನ ಶಂಕೆ. ದನಿಯ ನರದ ಮೇಲೆ ಒತ್ತಡ. ಉಸಿರಿನ ಬಲ ಕಡಿಮೆ.

ಇಪ್ಪತ್ತೈದರ ಹುಡುಗಿಗೆ ಇದೇನು ಬಂತು ಎನ್ನಿಸಿತು ಅವರಿಗೆ. ಕೂಡಲೇ ಎದೆಯ ಸ್ಕ್ಯಾನಿಗೆ ಕಳಿಸಿದರು. ಸ್ಕ್ಯಾನಿನಲ್ಲಿ ಏನೂ ಇರಲಿಲ್ಲ. ಮುಂದಿನ ವಾರ ಮತ್ತೆ ಕರೆಸಿದರು. ಅತ್ತೆ ಮಾತಾಡಿದಳು, ಪೆಟ್ಟಿಗೆ ಕೇಳಿತು. ಗಂಟು ಬೆಳೆದಿದೆ ಎಂದಿತು. ಮತ್ತೆ ಸ್ಕ್ಯಾನ್, ಮತ್ತೆ ಸ್ವಚ್ಛ. ಹೊರಡುವಾಗ ಚೈತ್ರಾ ಬಾಗಿಲಲ್ಲಿ ನಿಂತು, "ಬಾಯಾರ, ಒಂದ ಮಾತು..." ಎಂದಳು. ಅಷ್ಟರಲ್ಲಿ ಪೆಟ್ಟಿಗೆ ಮುಂದಿನ ರೋಗಿಯನ್ನು ಕರೆಯಿತು. ಬಂದವರು ಅವಳನ್ನು ದಾಟಿಕೊಂಡು ಒಳಗೆ ಕುಳಿತೂ ಬಿಟ್ಟರು.

ಹೀಗೆ ಪೆಟ್ಟಿಗೆ ಒಂದು ಹೇಳಿದರೆ ಕಣ್ಣಿಗೆ ಒಂದು ಕಾಣುತ್ತಿತ್ತು. ಸರಳಾ ಹುಬ್ಬಳ್ಳಿಯ ನಿಯಂತ್ರಣ ಕೊಠಡಿಗೆ ಹೋದರು. ಅದು ಎಲ್ಲ ತಾಲೂಕುಗಳ ಪೆಟ್ಟಿಗೆಗಳು ಕೇಳಿದ್ದೆಲ್ಲ ಬಂದು ಸೇರುವ ಜಾಗ. ಗೋಡೆಯ ತುಂಬ ಪರದೆಗಳು, ಪರದೆಗಳ ತುಂಬ ನಡುಗುವ ಗೆರೆಗಳು; ಪ್ರತಿಯೊಂದೂ ಯಾವುದೋ ಊರಿನಲ್ಲಿ ಯಾರೋ ಆಡುತ್ತಿರುವ ಮಾತು. ಅದನ್ನು ನೋಡಿಕೊಳ್ಳುತ್ತಿದ್ದ ರಫೀಕ್ ನದಾಫ ಒಳ್ಳೆಯ ಹುಡುಗ. ಸ್ವಂತ ಮಗುವಿನ ಬಗ್ಗೆ ಮಾತಾಡುವ ತಾಯಿಯ ಹಾಗೆ ಪೆಟ್ಟಿಗೆಯ ಬಗ್ಗೆ ಮಾತಾಡುತ್ತಿದ್ದ.

"ಸ್ಕ್ಯಾನಿಗೆ ಕಾಣೂಕಿಂತ ಮೊದಲ ನಮ್ಮ ಪೆಟಗಿಗೆ ಕೇಳಸ್ತೈತ್ರಿ ಮೇಡಮ್ಮರ. ಆ ಕಂಡಕ್ಟರಂದು ಹಂಗ ಆಗಿತ್ತಲ್ರಿ."

"ಅದು ಖರೆ. ಆದ್ರ ಇಲ್ಲಿ ನೋಡು, ದನಿಯ ವಯಸ್ಸು ಅರವತ್ತರ ಮ್ಯಾಲ ಅಂತ ತೋರಸಾಕತ್ತೈತಿ. ಹುಡಿಗಿಗೆ ಇಪ್ಪತ್ತೈದು."

ರಫೀಕ ಸ್ವಲ್ಪವೂ ತಬ್ಬಿಬ್ಬಾಗಲಿಲ್ಲ. "ಜಡ್ಡು ದನೀನ ಮುದಿ ಮಾಡತೈತ್ರಿ. ಜಡ್ಡು ದೊಡ್ಡದಿದ್ದಷ್ಟು ದನಿ ಮುದಿ. ಇದರಾಗ ನಿಮಗ ಇನ್ನಷ್ಟು ಪುರಾವೆ ಸಿಕ್ಕಂಗಾತು."

"ಖೋಲಿಯೊಳಗ ಬ್ಯಾರೆಯವರೂ ಮಾತಾಡ್ತಾರಲ್ಲ. ಅವರ ದನಿ ಕೂಡಿದ್ರ?"

"ಕೂಡಾಂಗಿಲ್ರಿ. ಮೊದಲ ಹೆಸರು ಕೇಳತೈತಲ್ಲ, ಆ ಉತ್ತರಾ ಹೇಳಿದ ದನೀನ ಗಟ್ಟಿ ಹಿಡಕೋತೈತಿ. ಉಳದವರ ದನಿ ಜೊತಿಗೆ ಬಂದವರದು ಅಂತ ತಗದ ಒಗೀತೈತಿ. ಭಾಳ ಪಕ್ಕಾ ಕೆಲಸಾ."

ಸರಳಾ ತಲೆಯಾಡಿಸಿದರು. ಆ ಮಾತು ಅವರ ಕಿವಿಗೆ ಬಿತ್ತು, ಒಳಗೆ ಇಳಿಯಲಿಲ್ಲ. ಅಷ್ಟರಲ್ಲೇ ರಫೀಕ ಇನ್ನೊಂದು ಸುದ್ದಿ ಹೇಳಿದ್ದ. ಪೆಟ್ಟಿಗೆಯ ಖಾತ್ರಿ ಒಂದು ಗೆರೆ ದಾಟಿದರೆ ಇನ್ನು ಮೇಲೆ ಸ್ಕ್ಯಾನಿಗಾಗಿ ಕಾಯಬೇಕಿಲ್ಲ, ನೇರವಾಗಿ ಕ್ಯಾನ್ಸರ್ ಔಷಧ ಶುರುಮಾಡಬಹುದು. ಚೈತ್ರಾಳದು ಗೆರೆ ದಾಟಿದೆ. ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಯಲ್ಲಿ ಹಾಸಿಗೆ ಕಾದಿರಿಸಿದ್ದಾರೆ. ಸರಳಾ ಒಪ್ಪಿಗೆಯ ಗುಂಡಿ ಒತ್ತಿದರೆ ಸೋಮವಾರ ಮೊದಲ ಬಾಟಲಿ ಏರಿಸುತ್ತಾರೆ.

ಆ ಔಷಧ ಎಂಥದೆಂದು ಸರಳಾಗೆ ಗೊತ್ತಿತ್ತು. ಕೂದಲು ಉದುರುವುದಂತಿರಲಿ, ಇನ್ನೂ ತಾಯಿಯಾಗದ ಹುಡುಗಿ ಮುಂದೆಂದೂ ತಾಯಿಯಾಗದೆ ಹೋಗಬಹುದು. ಕೊಡದಿದ್ದರೆ ಪೆಟ್ಟಿಗೆ ಹೇಳುವ ಗಂಟು ಅವಳನ್ನು ನುಂಗಬಹುದು. ಬಸ್ಸಿನಲ್ಲಿ ವಾಪಸು ಬರುವಾಗ ಅವರಿಗೆ ಯಾವುದನ್ನು ನಂಬಬೇಕೆಂದೇ ತಿಳಿಯಲಿಲ್ಲ. ಇಷ್ಟು ವರ್ಷ ಡಾಕ್ಟರಾಗಿ ಹೀಗೆ ದಿಕ್ಕುತಪ್ಪಿದವರಂತೆ ಕುಳಿತದ್ದು ಅವರಿಗೆ ನೆನಪಿಲ್ಲ.

ಮರುದಿನ ಚೈತ್ರಾಳಿಗೆ ವಿಷಯ ತಿಳಿಸಿ, ಸೋಮವಾರ ಹುಬ್ಬಳ್ಳಿಗೆ ಹೋಗಲು ತಯಾರಿರಿ ಎಂದರು. ಅಂದರೆ ಗುರುಬಸವ್ವನಿಗೆ ತಿಳಿಸಿದರು, ಚೈತ್ರಾ ಪಕ್ಕದಲ್ಲಿದ್ದಳು. ಸದಾ ಬಾಯಿ ಮಾಡುವ ಗುರುಬಸವ್ವ ಅವತ್ತು ಒಂದೂ ಮಾತಾಡದೆ ಸೊಸೆಯ ಕೈ ಹಿಡಿದುಕೊಂಡು ಎದ್ದು ಹೋದಳು. ಹುಡುಗಿ ಮೊದಲ ದಿನಕ್ಕಿಂತ ಅರ್ಧಕ್ಕೆ ಇಳಿದಿದ್ದಳು. ಈಗ ಎದೆಯ ಎಡಗಡೆ ನಿಜವಾಗಿಯೂ ಚುಚ್ಚುತ್ತದೆಯಂತೆ, ಕಂಪೌಂಡರ್ ಬಂದು ಹೇಳಿದ. ಪೆಟ್ಟಿಗೆ ಹೇಳಿದ್ದೇ ಖರೆಯೇನೋ ಎಂದುಕೊಂಡರು ಸರಳಾ. ಆದರೂ ಗುಂಡಿ ಒತ್ತಲು ಕೈ ಬರಲಿಲ್ಲ.

ರವಿವಾರ ಮನೆಯಲ್ಲಿ ಸರಳಾ ಮತ್ತು ಅವರ ಗಂಡ ಶರಣಪ್ಪ ಊಟಕ್ಕೆ ಕುಳಿತಿದ್ದರು. ಶರಣಪ್ಪ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರರಾಗಿದ್ದು ನಿವೃತ್ತರಾದವರು. ಮಾತು ಕಡಿಮೆ, ಮಾತಾಡಲು ಸಂದು ಸಿಗುವುದೂ ಕಡಿಮೆ. ಅಷ್ಟರಲ್ಲಿ ಗೋಡೆಯ ಪರದೆಯ ಮೇಲೆ ಶರಣಪ್ಪನವರ ಅಕ್ಕ ಬಾಗಲಕೋಟೆಯಿಂದ ಮುಖ ತೋರಿಸಿದರು.

"ಏನೋ ಶರಣೂ, ಮೊಣಕಾಲು ಹೆಂಗೈತೋ?"

"ಈಗ ಚಲೋ ಐತ್ರಿ ಅಕ್ಕಾರ," ಎಂದರು ಸರಳಾ, ಸಾರು ಬಡಿಸುತ್ತ. "ಮೆಟ್ಟಲಾ ಹತ್ತೂಮುಂದ ಒಂಚೂರು ಹಿಡೀತೈತಿ, ಅಷ್ಟ."

"ನಿದ್ದಿ ಬರತೈತೇನೋ?"

"ಗಡದ್ದ ನಿದ್ದಿ ಮಾಡ್ತಾರ್ರಿ."

ಶರಣಪ್ಪ ತುತ್ತು ನುಂಗಿ, ಅಕ್ಕನ ಕಡೆ ನೋಡಿ, ಮೆಲ್ಲಗೆ ಹೇಳಿದರು: "ಅಕ್ಕಾ, ಮೊಣಕಾಲು ಇಕೀದ ಇರಬೇಕು. ನನಗ ಗೊತ್ತಿಲ್ಲ, ನಾ ಸುಮ್ನ ಅದರ ಮ್ಯಾಲ ನಡ್ಯಾಡ್ತೀನಿ."

ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕರು. ಸರಳಾ ಕೂಡ ನಕ್ಕರು. ನಗುತ್ತಿದ್ದಂತೆಯೇ ಅವರ ಕೈಯ ಸೌಟು ಅಲ್ಲೇ ನಿಂತಿತು. ಉತ್ತರ ಹೇಳಿದ ದನಿಯನ್ನು ಗಟ್ಟಿ ಹಿಡಿದುಕೊಳ್ಳುತ್ತದೆ ಎಂದು ರಫೀಕ ಹೇಳಿದ್ದ ಮಾತು ಈಗ ಇಳಿಯಬೇಕಾದ ಜಾಗಕ್ಕೆ ಇಳಿಯಿತು.

"ಯಾಕ? ಏನಾತು?" ಎಂದರು ಶರಣಪ್ಪ.

"ಏನಿಲ್ಲ. ನೀವು ಊಟಾ ಮಾಡ್ರಿ. ಮೊಣಕಾಲು ನೋಯತೈತೇನು ಖರೇನ?"

"ಭಾಳ ನೋಯತೈತಿ."

ಸೋಮವಾರ ಸರಳಾ ಆಸ್ಪತ್ರೆಗೆ ಬೇಗ ಹೋಗಿ ತಮ್ಮ ಕುರ್ಚಿಯನ್ನು ಹಿಂದಕ್ಕೆ ಎಳೆದುಕೊಂಡರು. ಪರದೆ ಕಾಣದಷ್ಟು ದೂರ, ಜನ ಮಾತ್ರ ಕಾಣುವಂತೆ. ಮೊದಲು ಬಂದವನು ಎತ್ತರದ ಪೈಲ್ವಾನ. ಪೆಟ್ಟಿಗೆ ಹೆಸರು ಕೇಳಿತು, ಹೆಂಡತಿ ಹೇಳಿದಳು. ಆಮೇಲೆ ಒಬ್ಬ ಅಜ್ಜ, ಮೊಮ್ಮಗ ಹೇಳಿದ. ಬಸುರಿಯ ಹೆಸರನ್ನು ಅವಳ ತಾಯಿ ಹೇಳಿದಳು. ಹಲ್ಲುನೋವಿನ ಮುದುಕಿಗೆ ಜೊತೆಗಾರರೇ ಇರಲಿಲ್ಲ. ಅವಳ ಹೆಸರನ್ನು ಸಾಲಿನಲ್ಲಿ ಹಿಂದೆ ನಿಂತಿದ್ದವನು ಹೇಳಿಬಿಟ್ಟ. ಯಾರಿಗೂ ಇದರಲ್ಲಿ ವಿಶೇಷ ಕಾಣಲಿಲ್ಲ. ಆರಾಮಿಲ್ಲದವರಿಂದ ಮಾತಾಡಿಸುವುದು ಯಾವ ನ್ಯಾಯ? ಅದಕ್ಕೆಂದೇ ಅಲ್ಲವೇ ಜೊತೆಗೊಬ್ಬರು ಬರುವುದು?

ಸರಳಾ ರಫೀಕನಿಗೆ ಫೋನ್ ಮಾಡಿದರು. "ಪೆಟಗಿ ತಯಾರ ಮಾಡೂಮುಂದ ಯಾರ ಮ್ಯಾಲ ಪರೀಕ್ಷಾ ಮಾಡಿದ್ರಿ?"

"ನಮ್ಮ ಸಂಸ್ಥೆಯವರು, ಕಾಲೇಜ ಹುಡುಗರು. ಸಾವಿರಾರು ಮಂದಿ ರೀ."

"ಎಲ್ಲಾರೂ ಒಬ್ಬೊಬ್ಬರ ಬಂದಿದ್ರೇನು?"

"ಹೌದ್ರಿ. ಒಬ್ಬೊಬ್ಬರನ್ನ ಕರದಿದ್ವಿ."

"ನಿಮ್ಮವ್ವನ್ನ ದವಾಖಾನಿಗೆ ಕರಕೊಂಡ ಹೋದ್ರ, ಅಕೀ ಹೆಸರು ಯಾರು ಹೇಳ್ತಾರ ರಫೀಕ?"

"ನಾನ ಹೇಳ್ತೀನ್ರಿ," ಎಂದ ಅವನು. ಆಮೇಲೆ, "ಮೇಡಮ್ಮರ, ಎಲ್ಲಾ ತಾಲೂಕಿನ್ಯಾಗೂ ಹಿಂಗ ಆಗಿದ್ರ ಏನ್ ಮಾಡೂದ್ರಿ?" ಎಂದು ಕೇಳಿದ. ಸರಳಾ ಫೋನ್ ಇಟ್ಟರು. ಎಷ್ಟು ಗಂಡಂದಿರ ಗುಳಿಗೆಯನ್ನು ಎಷ್ಟು ಹೆಂಡತಿಯರು ನುಂಗಿದ್ದಾರೋ, ಅದನ್ನು ಯೋಚಿಸಿದರೆ ತಲೆ ಗಿರ್ರೆನ್ನುತ್ತಿತ್ತು. ಈಗ ಆಗಬೇಕಾದ ಕೆಲಸ ಒಂದೇ. ಅತ್ತೆ ಸೊಸೆ ಹುಬ್ಬಳ್ಳಿಯ ಬಸ್ಸು ಹತ್ತುವ ಮೊದಲು ಅವರನ್ನು ಹಿಡಿಯಬೇಕು.

ಬಸ್‌ಸ್ಟ್ಯಾಂಡಿನಿಂದ ಕಂಪೌಂಡರ್ ಇಬ್ಬರನ್ನೂ ಗಂಟುಮೂಟೆ ಸಮೇತ ಕರೆತಂದ. ಸರಳಾ ಪೆಟ್ಟಿಗೆಯ ತಂತಿ ಕಿತ್ತುಹಾಕಿ, ಅದನ್ನು ಮೇಜಿನ ಕೆಳಗೆ ಇಟ್ಟರು.

"ಯಮ್ಮಾ, ನೀವೊಂಚೂರು ಹೊರಗ ಕೂಡ್ರಿ. ನಾ ಚೈತ್ರಾನ ಜೋಡಿ ಮಾತಾಡಬೇಕು."

ಗುರುಬಸವ್ವನಿಗೆ ಅರ್ಥವಾಗಲಿಲ್ಲ. "ನಾ ಇಲ್ಲಂದ್ರ ಅಕಿ ಏನ್ ಹೇಳ್ತಾಳ್ರಿ ಬಾಯಾರ? ಅಕೀಗೆ ಮಾತ ಬರಾಂಗಿಲ್ಲ."

"ಬರತಾವು. ನೀವು ಹೊರಗ ಕೂಡ್ರಿ."

ಬಾಗಿಲು ಮುಚ್ಚಿತು. ಸರಳಾ ತಮ್ಮ ಕುರ್ಚಿಯನ್ನು ಚೈತ್ರಾಳ ಸ್ಟೂಲಿನ ಹತ್ತಿರಕ್ಕೆ ತಂದುಕೊಂಡರು. ಪ್ರಶ್ನೆ ಕೇಳಿ ಎಷ್ಟೋ ಕಾಲವಾಗಿತ್ತು. ಹೇಗೆ ಶುರುಮಾಡಬೇಕೆಂದು ಅವರಿಗೇ ಗೊಂದಲವಾಯಿತು.

"ಹೇಳವಾ ತಂಗಿ. ಮೊದಲನೇ ದಿನ ಯಾತಕ್ಕ ಬಂದಿದ್ದಿ?"

ಚೈತ್ರಾ ಬಾಗಿಲ ಕಡೆ ನೋಡಿದಳು. ಸರಳಾ ಅವಸರ ಮಾಡಲಿಲ್ಲ.

"ನನಗೇನೂ ಆಗಿರಲಿಲ್ರಿ," ಎಂದಳು ಕೊನೆಗೆ. "ನಮ್ಮ ಅತ್ತೀಗ ಆರಾಮಿರಲಿಲ್ಲ. ಹೊಗಿ ಕುಡದು ಗಂಟಲಾ ಹೋಗೇತಿ ಅಂತಾಳ, ಹೊಗಿ ಈಗ ಎಲ್ಲಿ ಐತ್ರಿ? ಗ್ಯಾಸ್ ಬಂದು ಎಷ್ಟ ವರ್ಷಾತು. ಕೊಡಾ ಎತ್ತಿದ್ರ ತೇಕತಾಳ. ದವಾಖಾನಿಗೆ ನಡಿ ಅಂದ್ರ ಬೈತಾಳ. ಅದಕ್ಕ... ನನಗ ಜಡ್ಡು ಅಂತ ನಾಟಕ ಮಾಡಿದೆ. ನನ್ನ ಸಲುವಾಗಿ ಅಂದ್ರ ಬರ್ತಾಳ. ಬಂದಮ್ಯಾಲ ನಿಮಗ ಹೆಂಗಾರ ಹೇಳೂದು ಅಂತ."

"ಮತ್ಯಾಕ ಹೇಳಲಿಲ್ಲ?"

"ಯಾರರ ಕೇಳಿದ್ರಲ್ಲೇನ್ರಿ ಹೇಳೂದು? ನೀವು ಗ್ಲಾಸ್ ನೋಡ್ತಿದ್ರಿ." ಅದರಲ್ಲಿ ದೂರು ಇರಲಿಲ್ಲ; ಇದ್ದದ್ದನ್ನು ಇದ್ದಂತೆ ಹೇಳಿದಳು. "ಆಮ್ಯಾಲ ಪೆಟಗಿ ನನಗ ಜಡ್ಡೈತಿ ಅಂತು. ನಾಟಕ ಮಾಡಾಕ ಬಂದಾಕಿಗೆ ಖರೇನ ಬಂತು ಅನಕೊಂಡೆ. ಸುಳ್ಳು ಹೇಳಿದ್ದಕ್ಕ ದೇವರು ಕೊಟ್ಟಾನ ಅಂತ. ಈಗ ಖರೇನ ನೋಯತೈತ್ರಿ ಇಲ್ಲೆ. ನೋಯತೈತೋ ಇಲ್ಲೋ, ಅದೂ ತಿಳೀವಲ್ದು."

ಸರಳಾಗೆ ಅಳು ಬಂತು. ನುಂಗಿಕೊಂಡರು. ತಮ್ಮ ಎದುರಿಗೆ, ಕೈಯಳತೆಯಲ್ಲಿ, ಒಡೆದ ದನಿಯ ಹೆಂಗಸೊಬ್ಬಳು ವಾರಗಟ್ಟಲೆ ಮಾತಾಡಿದ್ದಳು. ಪೆಟ್ಟಿಗೆ ಇರದಿದ್ದರೆ, ಡಾಕ್ಟರಿಕೆ ಕಲಿಯುವ ವಿದ್ಯಾರ್ಥಿಗೂ ಆ ಗಂಟಲಿನ ಮೇಲೆ ಅನುಮಾನ ಬರುತ್ತಿತ್ತು. ಅವರು ತಮ್ಮ ಕಿವಿಯನ್ನು ಡಬ್ಬಿಯಲ್ಲಿಟ್ಟು ಕುಳಿತುಬಿಟ್ಟಿದ್ದರು.

ಗುರುಬಸವ್ವನನ್ನು ಸ್ಕ್ಯಾನಿಗೆ ಒಯ್ಯುವುದು ಸುಲಭವಾಗಲಿಲ್ಲ. ಸೊಸೆಗೆ ಔಷಧ ಕೊಡುವ ಮೊದಲು ಮನೆಯವರದ್ದೂ ನೋಡಬೇಕಾಗುತ್ತದೆ ಎಂದು ಸರಳಾ ಹೇಳಿದ ಮೇಲೆ, ಗೊಣಗುತ್ತ ಹೋಗಿ ಮಲಗಿದಳು. ಚಿತ್ರ ಬಂತು. ಎಡ ಎದೆಗೂಡಿನಲ್ಲಿ, ಪೆಟ್ಟಿಗೆ ಮೊದಲ ದಿನವೇ ಹೇಳಿದ ಜಾಗದಲ್ಲಿ, ನಿಂಬೆಹಣ್ಣಿನ ಗಾತ್ರದ ಗಂಟು ಕುಳಿತಿತ್ತು. ಮೊದಲ ದಿನವೇ ಇವಳನ್ನು ಮಲಗಿಸಿದ್ದರೆ ಇನ್ನೂ ಎಷ್ಟು ಸಣ್ಣದಿರುತ್ತಿತ್ತೋ. ಆ ಮಾತು ಸರಳಾರ ಎದೆಯಲ್ಲಿ ಕುಟುಕುತ್ತಲೇ ಇತ್ತು.

ಇಬ್ಬರನ್ನೂ ಕೂಡಿಸಿಕೊಂಡರು. ಇಂಥ ಸುದ್ದಿಯನ್ನು ಮೊದಲೆಲ್ಲ ಎಷ್ಟೋ ಜನಕ್ಕೆ ಹೇಳಿದ್ದರು. ಈಚೆಗೆ ಹೆಚ್ಚಾಗಿ ಪೆಟ್ಟಿಗೆಯೇ ಮರ್ಯಾದೆಯಿಂದ ಹೇಳುತ್ತಿತ್ತು.

"ಯಮ್ಮಾ, ತಪ್ಪಾಗೇತಿ. ನಮ್ಮದ ತಪ್ಪು. ಪೆಟಗಿ ಹೇಳಿದ ಜಡ್ಡು ಚೈತ್ರಾಂದಲ್ಲ. ಅದು ಕೇಳಿದ್ದು ನಿಮ್ಮ ದನಿ. ಗಂಟು ಇರೂದು ನಿಮ್ಮ ಎದ್ಯಾಗ."

ಗುರುಬಸವ್ವ ಕಣ್ಣು ಮಿಟುಕಿಸದೆ ನೋಡಿದಳು. "ನನ್ನಾಗ?"

"ಹೌದು. ದೊಡ್ಡ ಜಡ್ಡು. ಔಷಧ ಐತಿ, ಭಾಳ ದಿನಾ ಕೊಡಬೇಕಾಗತೈತಿ. ಗುಣಾ ಆಗೇ ಆಗತೈತಿ ಅಂತ ನಾ ಇವತ್ತ ಹೇಳಾಕ ಬರೂದಿಲ್ಲ."

"ಅದು ನನಗ ಗೊತ್ತಿತ್ತು ಬಿಡ್ರಿ," ಎಂದಳು ಗುರುಬಸವ್ವ. "ಏನೋ ಐತಿ ಒಳಗ ಅಂತ ಹೋದ ವರ್ಷಾನ ಗೊತ್ತಿತ್ತು. ಮುಚ್ಚಿ ಇಟ್ಟಿದ್ದೆ. ಇಕೀಗೂ ಅದ ಬಂತು ಅಂದ್ರಲ್ಲ ನೀವು, ನಂದ ಹತ್ತಿತು ಅನಕೊಂಡೆ. ಒಂದ ತಾಟಿನ್ಯಾಗ ಉಣ್ತಿದ್ವಿ, ಒಂದ ಹಾಸಿಗಿ. ನಾನ ಇಕೀನ ಕೊಂದೆ ಅಂತ ತಿಳಿದಿದ್ದೆ." ದನಿ ಪೂರ್ತಿ ಅಡಗಿಹೋಯಿತು. ಬರೀ ಉಸಿರಿನಲ್ಲಿ ಕೇಳಿದಳು: "ಹಂಗಂದ್ರ ಇಕೀಗೆ ಏನೂ ಇಲ್ಲೇನ್ರಿ?"

"ಏನೂ ಇಲ್ಲ."

"ಇನ್ನೊಮ್ಮೆ ಹೇಳ್ರಿ."

"ಚೈತ್ರಾಗ ಏನೂ ಇಲ್ಲ."

ಸಾವಿನಂಥ ಸುದ್ದಿ ಕೇಳಿದ ಮುಖ ಹೀಗೆ ಬಿಚ್ಚಿಕೊಳ್ಳುವುದನ್ನು ಸರಳಾ ತಮ್ಮ ವೃತ್ತಿಯಲ್ಲೇ ಕಂಡಿರಲಿಲ್ಲ. ಚೈತ್ರಾ ಅತ್ತೆಯ ತೊಡೆಯ ಮೇಲೆ ಮುಖವಿಟ್ಟು ಅಳುತ್ತಿದ್ದಳು. ಗುರುಬಸವ್ವ ಅವಳ ಬೆನ್ನು ತಟ್ಟಿ, ಸೆರಗಿನಿಂದ ಮುಖ ಒರೆಸಿ, ರಟ್ಟೆ ಹಿಡಿದು ಎಬ್ಬಿಸಿದಳು.

"ಇಕೀಗೆ ಹಸಿವಾಗೇತ್ರಿ ಬಾಯಾರ," ಎಂದಳು. "ಅಂಜಿ ಅಂಜಿ ಅನ್ನಾನ ಬಿಟ್ಟಾಳ. ಒಂದೀಟು ಉಣಿಸಿ ಕರಕೊಂಡ ಬರ್ತೀನಿ. ಆಮ್ಯಾಲ ನಂದೇನೈತಿ ಅದನ್ನ ಹೇಳ್ರಿ."

ಸರಳಾ ಚೈತ್ರಾಳ ಕಡೆ ತಿರುಗಿದರು. "ಹಸಿವಾಗೇತೇನವಾ?"

ಚೈತ್ರಾ ಅಳುತ್ತಲೇ ಹೌದೆಂದು ತಲೆಯಾಡಿಸಿದಳು.